ಹಾಯಿ ಹಡಗಿನಲ್ಲಿ ನಾಲ್ಕು ರಾತ್ರಿ: ಗದಗಿನ ಮುದುಕರಿಗೆ ಆಗುತ್ತಾ?

ಬೆಟಗೇರಿ ಮಾಸ್ತರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವನು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ವಯಸ್ಸು ಅರವತ್ತೆಂಟು, ನಮ್ಮ ಮನೆಯವರಿಗೆ ಅರವತ್ತಮೂರು. ಮಗ, ಸೊಸೆ ಅಮೆರಿಕದ ಬಾಸ್ಟನ್‌ನಲ್ಲಿ ಇದ್ದಾರೆ. ಬರುವ ಜುಲೈಯಲ್ಲಿ ನಮ್ಮನ್ನು ಕರೆಸಿಕೊಳ್ಳುತ್ತಿದ್ದಾರೆ.

ಸೊಸೆ ಒಂದು ಹೊಸ ಯೋಚನೆ ಹಾಕಿದ್ದಾಳೆ. ಬಾಸ್ಟನ್‌ನಿಂದ ಉತ್ತರಕ್ಕೆ ಸುಮಾರು 300 ಕಿ.ಮೀ. ಹೋದರೆ ಮೇನ್ ರಾಜ್ಯದ ರಾಕ್‌ಲ್ಯಾಂಡ್, ಕ್ಯಾಮ್ಡೆನ್ ಎಂಬ ಬಂದರುಗಳಿವೆ. ಅಲ್ಲಿ ಹಳೇ ಕಾಲದ ಮರದ ಹಾಯಿ ಹಡಗುಗಳಲ್ಲಿ ಜನರನ್ನು ಕೂರಿಸಿಕೊಂಡು ಕರಾವಳಿ ಸುತ್ತಿಸುತ್ತಾರೆ. ಊಟ, ನಿದ್ದೆ ಎಲ್ಲ ಹಡಗಿನಲ್ಲೇ. ನಾಲ್ಕು ರಾತ್ರಿ. ಫೋಟೋ ಕಳಿಸಿದ್ದಾಳೆ, ಚೆಂದ ಇದೆ. ಆದರೆ ಫೋಟೋ ನೋಡಿ ಸೈಟ್ ಕೊಂಡವರ ಕಥೆ ನಮ್ಮ ಓಣಿಯಲ್ಲೇ ಇದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನಗೆ ಈಜು ಬರುವುದಿಲ್ಲ. ನಾನು ದಿನಾ ನೋಡುವ ದೊಡ್ಡ ನೀರು ಅಂದರೆ ಭೀಷ್ಮ ಕೆರೆ. ಮನೆಯವರಿಗೆ ಮೊಣಕಾಲು ನೋವು, ಬಲಗಾಲಿನದು ಜಾಸ್ತಿ. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ತತ್ತಿಯೂ ಇಲ್ಲ. ಹಡಗಿನಲ್ಲಿ ಸಂಡಾಸು, ಸ್ನಾನ ಹೇಗೆ? ರಾತ್ರಿ ಎದ್ದು ಹೋಗಬೇಕಾದರೆ ಏನು ಗತಿ? ವಾಂತಿ ಆಗುತ್ತದೆಯಾ? ಅಷ್ಟು ದುಡ್ಡು ಕೊಟ್ಟು ಹೋಗುವಂಥದ್ದು ಅದರಲ್ಲಿ ಏನಿದೆ? ಇನ್ನೂ ಒಂದು: ಕಾರವಾರ, ಗೋಕರ್ಣದ ಕಡೆ ಇಂಥದ್ದು ಇದ್ದರೆ ಮೊದಲು ಅಲ್ಲೇ ಒಂದು ತಾಲೀಮು ಮಾಡಬಹುದು ಅಂತ ನನ್ನ ಲೆಕ್ಕ. ಇದೆಯಾ?

ಬಲ್ಲವರು ದಯವಿಟ್ಟು ತಿಳಿಸಿ. ಮಗನಿಗೆ ಭಾನುವಾರ ಉತ್ತರ ಕೊಡಬೇಕು.

ಸಪ್ತಾಪುರ ಹುಡುಗ

ಸರ್, ಸುಮ್ನೆ ಒಂದೆರಡು ಹಡಗಿನ ವೆಬ್‌ಸೈಟ್ ತೆಗೆದು ನೋಡಿದೆ. ರೂಮಿನಲ್ಲಿ ಟಿವಿ ಇಲ್ಲ, ಎಸಿ ಇಲ್ಲ. ದ್ವೀಪಗಳ ನಡುವೆ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಗ್ಗ ಎಳೆಯುವ ಕೆಲಸವನ್ನೂ ಗಿರಾಕಿಗಳ ಕೈಯಲ್ಲೇ ಮಾಡಿಸುತ್ತಾರಂತೆ. ದುಡ್ಡು ಕೊಟ್ಟು ಕೂಲಿ ಮಾಡೋದು ಅಲ್ವಾ ಇದು? ನಾನಾದರೆ ಅದೇ ದುಡ್ಡಿಗೆ ನಯಾಗರ ನೋಡಿಕೊಂಡು ಬರ್ತೀನಿ.

ಕೇಶ್ವಾಪುರ ಅಕ್ಕ

ಮಾಸ್ತರರೇ ನಮಸ್ಕಾರ. ನಾನು ಹುಬ್ಬಳ್ಳಿಯವಳು. ನೀವು ಕೇಳಿದ ಊರಿನಿಂದಲೇ, ರಾಕ್‌ಲ್ಯಾಂಡ್ ಬಂದರಿನಿಂದ, ಮಗಳು-ಅಳಿಯನ ಜೊತೆ ಹೋಗಿ ಬಂದಿದ್ದೇನೆ. ನಾವೂ ಸಸ್ಯಾಹಾರಿಗಳು. ನನ್ನ ಮೊಣಕಾಲೂ ಅಷ್ಟಕ್ಕಷ್ಟೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಓದುವ ತಾಳ್ಮೆ ಇರಲಿ.

ಮೊದಲು ನಿಮ್ಮ ಸೊಸೆಗೆ ಒಂದು ಪ್ರಶ್ನೆ ಕೇಳಲು ಹೇಳಿ: ಇಂಜಿನ್ ಎಲ್ಲಿದೆ? ಯಾಕೆಂದರೆ ಹಾಯಿ ಹಡಗು ಅಂತ ಹೇಳಿ ಟಿಕೆಟ್ ಮಾರುವವೆಲ್ಲ ಹಾಯಿಯಿಂದ ಓಡುವುದಿಲ್ಲ. ಅಮೆರಿಕಕ್ಕೆ ಹೋಗುವ ಮೊದಲು ಗೋವಾದಲ್ಲಿ ಒಮ್ಮೆ ಸಂಜೆಯ ಹಾಯಿದೋಣಿ ವಿಹಾರ ಅಂತ ಹತ್ತಿದ್ದೆವು. ಬೋರ್ಡಿನ ಮೇಲೆ ಬಿಳಿ ಹಾಯಿ ಗಾಳಿ ತುಂಬಿಕೊಂಡು ನಿಂತಿತ್ತು. ಹತ್ತಿ ನೋಡಿದರೆ ಹಾಯಿಯನ್ನು ಸುತ್ತಿ ಮರಕ್ಕೆ ಕಟ್ಟಿಬಿಟ್ಟಿದ್ದಾರೆ, ಗಂಟಿನ ಮೇಲೆ ಧೂಳು. ಕೆಳಗೆ ಡೀಸೆಲ್ ಇಂಜಿನ್ ಸದ್ದು, ಮೇಲೆ ಸ್ಪೀಕರಿನ ಹಾಡು. ಯಾವಾಗ ಬಿಚ್ಚುತ್ತೀರಪ್ಪ ಅಂತ ಕೇಳಿದರೆ ಆ ಹುಡುಗ "ಅದು ಶೋಗೆ ಮೇಡಂ" ಅಂದ. ದುಡ್ಡು ವಾಪಸ್ ಕೇಳಿದ್ದಕ್ಕೆ ಕೈಗೊಂದು ತಂಪು ಬಾಟಲಿ ಕೊಟ್ಟು ಕೂರಿಸಿದರು.

ಹಾಗಾಗಿ ಈ ಸಲ ಬುಕ್ ಮಾಡುವ ಮೊದಲು ಮಗಳ ಕೈಯಲ್ಲಿ ಫೋನ್ ಮಾಡಿಸಿದೆ. ಆ ಕಡೆಯಿಂದ ಕ್ಯಾಪ್ಟನ್ನೇ ಮಾತಾಡಿದರು. "ಹಡಗಿನಲ್ಲಿ ಇಂಜಿನ್ ಇಲ್ಲ. ಜೊತೆಗೆ ಒಂದು ಸಣ್ಣ ದೋಣಿ ಇರುತ್ತದೆ, ಅದಕ್ಕಿದೆ. ಗಾಳಿ ನಿಂತರೆ ಆ ದೋಣಿ ಹಿಂದಿನಿಂದ ಹಡಗನ್ನು ತಳ್ಳುತ್ತದೆ" ಅಂದರು. ಈ ಉತ್ತರ ಬಂದ ಮೇಲೇ ದುಡ್ಡು ಕಟ್ಟಿದ್ದು. ಅಲ್ಲಿ ಇಂಜಿನ್ ಇರುವ ಹಡಗುಗಳೂ ಇವೆ, ಅದು ತಪ್ಪೇನಲ್ಲ. ಆದರೆ ಕೇಳಿದಾಗ ನೇರ ಉತ್ತರ ಬರಬೇಕು. ತಡವರಿಸಿದರೆ ಬಿಟ್ಟುಬಿಡಿ.

ಈ ಹಡಗುಗಳು ಹುಟ್ಟಿದ್ದು ಪ್ರವಾಸಿಗರಿಗಾಗಿ ಅಲ್ಲ. ಸ್ಕೂನರ್ ಅನ್ನುವ ಎರಡು ಕಂಬದ ಹಾಯಿ ಹಡಗುಗಳು ಇವು. ಕಟ್ಟಿಗೆ, ಇಟ್ಟಿಗೆ, ಗ್ರಾನೈಟ್ ಕಲ್ಲು, ಮೀನು ಹೊರಲು ಕಟ್ಟಿದವು. ರೈಲು, ಲಾರಿ ಬಂದ ಮೇಲೆ ಕೆಲಸ ಇಲ್ಲದೆ ಬಂದರಿನಲ್ಲಿ ಕೊಳೆಯತೊಡಗಿದವು. 1936ರಲ್ಲಿ ಕ್ಯಾಮ್ಡೆನ್‌ನಲ್ಲಿ ಫ್ರಾಂಕ್ ಸ್ವಿಫ್ಟ್ ಎನ್ನುವವರು ಸರಕಿನ ಬದಲು ಜನರನ್ನು ಕರೆದುಕೊಂಡು ಹೋಗಲು ಶುರುಮಾಡಿದರು. ಅಲ್ಲಿಂದ ಈ ಧಂದೆ ಬೆಳೆಯಿತು. ಲೂಯಿಸ್ ಆರ್. ಫ್ರೆಂಚ್, ಸ್ಟೀಫನ್ ಟೇಬರ್ ಎಂಬ ಎರಡು ಹಡಗುಗಳು ನೀರಿಗಿಳಿದದ್ದು 1871ರಲ್ಲಿ. ಆಮೇಲೆ ಬಂದ ದೊಡ್ಡವು, ಪ್ರವಾಸಿಗರಿಗಾಗಿಯೇ ಕಟ್ಟಿದವು ಕೂಡ ಇವೆ. ಹಳೆಯವುಗಳಲ್ಲಿ ಮಲಗುವ ಕೋಣೆ ಇರುವುದು ಮೊದಲು ಸರಕು ತುಂಬುತ್ತಿದ್ದ ಹೊಟ್ಟೆಯಲ್ಲಿ. ಇದು ತಲೆಯಲ್ಲಿ ಇಟ್ಟುಕೊಂಡರೆ ಕೋಣೆ ಯಾಕೆ ಅಷ್ಟು ಸಣ್ಣದು ಅಂತ ಸಿಟ್ಟು ಬರುವುದಿಲ್ಲ.

ಸಣ್ಣದು ಅಂದರೆ ನಿಜಕ್ಕೂ ಸಣ್ಣದು. ಎರಡು ಹಾಸಿಗೆ, ಒಂದು ಪುಟ್ಟ ಬೇಸಿನ್, ಬಟ್ಟೆ ನೇತುಹಾಕಲು ನಾಲ್ಕು ಗೂಟ. ಒಬ್ಬರು ಸೀರೆ ಉಡುವಾಗ ಇನ್ನೊಬ್ಬರು ಹಾಸಿಗೆ ಮೇಲೆ ಕಾಲು ಮಡಚಿ ಕೂರಬೇಕು. ಹಾಂ, ಸೀರೆ ಬೇಡವೇ ಬೇಡ. ನಿಮ್ಮ ಮನೆಯವರಿಗೆ ಚೂಡಿದಾರ್ ಅಥವಾ ಪ್ಯಾಂಟ್ ರೂಢಿ ಮಾಡಿಸಿ. ಕೆಳಗೆ ಇಳಿಯಲು ಇರುವುದು ಮೆಟ್ಟಿಲಲ್ಲ, ಏಣಿ. ಮುಖ ಏಣಿಯ ಕಡೆ ಮಾಡಿ, ಬೆನ್ನು ಹೊರಗೆ ಮಾಡಿ ಇಳಿಯಬೇಕು. ಮೊಣಕಾಲಿನ ಪ್ರಶ್ನೆ ಎಲ್ಲ ಇಲ್ಲೇ ಇದೆ ನೋಡಿ. ನಮ್ಮ ಹಡಗಿನಲ್ಲಿ ಸಂಡಾಸು ಮೇಲಿತ್ತು, ಡೆಕ್ಕಿನಲ್ಲಿ. ರಾತ್ರಿ ಎದ್ದರೆ ಏಣಿ ಹತ್ತಬೇಕು. ಕೈಪಂಪು ಹೊಡೆದು ನೀರು ಬಿಡಬೇಕು, ಎಷ್ಟು ಸಲ ಹೊಡೆಯಬೇಕೆಂದು ಗೋಡೆ ಮೇಲೆ ಬರೆದಿರುತ್ತಾರೆ. ಸ್ನಾನಕ್ಕೆ ಬಿಸಿನೀರು ಇತ್ತು, ಆದರೆ ಅಳೆದು ಸುರಿದ ಹಾಗೆ. ನಾನು ದಿನ ಬಿಟ್ಟು ದಿನ ಮಾಡಿದೆ, ಮನೆಯಲ್ಲಿ ಹೇಳಬೇಡಿ.

ಸಪ್ತಾಪುರದ ತಮ್ಮಾ, ನೀನು ಕೂಲಿ ಅಂದೆಯಲ್ಲ, ಅದರ ಬಗ್ಗೆ ಹೇಳಲೇಬೇಕು. ಹಾಯಿ ಏರಿಸುವುದು ಹೇಗೆ ಗೊತ್ತಾ? ಹಾಯಿಯ ಮೇಲಂಚಿಗೆ ಒಂದು ಉದ್ದನೆ ತೊಲೆ ಇರುತ್ತದೆ. ಆ ತೊಲೆಗೆ ಎರಡು ಹಗ್ಗ. ಒಂದು ಕಂಬದ ಕಡೆಯ ತುದಿಗೆ, ಇನ್ನೊಂದು ಹೊರಗಿನ ತುದಿಗೆ. ಡೆಕ್ಕಿನ ಎಡಕ್ಕೆ ಒಂದು ಸಾಲು ಜನ, ಬಲಕ್ಕೆ ಇನ್ನೊಂದು ಸಾಲು. ಮಧ್ಯೆ ಒಬ್ಬಳು ಹುಡುಗಿ ನಿಂತು ಕೂಗುತ್ತಾಳೆ. ಎರಡೂ ಸಾಲು ಸಮ ಎಳೆದರೆ ತೊಲೆ ನೆಟ್ಟಗೆ ಏರುತ್ತದೆ. ಒಂದು ಕಡೆ ಜೋರು ಮಾಡಿದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಅವಳು ಎಡದವರಿಗೆ ತಡೆಯಿರಿ ಅನ್ನುತ್ತಾಳೆ, ಬಲದವರಿಗೆ ಎಳೆಯಿರಿ ಅನ್ನುತ್ತಾಳೆ. ತೊಲೆ ಮೇಲೆ ಮುಟ್ಟಿದ ಮೇಲೆ ಹೊರ ತುದಿಯನ್ನು ಮಾತ್ರ ಇನ್ನಷ್ಟು ಎತ್ತುತ್ತಾರೆ. ಆಗ ಬಟ್ಟೆಯ ಸುಕ್ಕು ಬಿಟ್ಟು ಬಿಗಿಯಾಗುತ್ತದೆ. ಹಗ್ಗವನ್ನು ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತಿ, ಉಳಿದದ್ದನ್ನು ಸುರುಳಿ ಮಾಡಿ ನೇತುಹಾಕುತ್ತಾರೆ. ಇದೆಲ್ಲ ಮುಗಿಯುವಾಗ ನನ್ನ ಅಂಗೈ ಕೆಂಪಾಗಿತ್ತು. ಹಗ್ಗ ಅಷ್ಟು ದಪ್ಪ, ಅಷ್ಟು ಒರಟು. ಆದರೆ ಒತ್ತಾಯ ಇಲ್ಲ. ಕುರ್ಚಿಯಲ್ಲಿ ಕೂತು ನೋಡಿದರೂ ಯಾರೂ ಏನೂ ಅನ್ನುವುದಿಲ್ಲ. ನನಗೇ ಕೂರಲು ಆಗಲಿಲ್ಲ, ಅಷ್ಟೇ.

ಮಾಸ್ತರರೇ, ಅದರಲ್ಲಿ ಏನಿದೆ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಅಲ್ಲಿ ಇರುವುದು ಆ ಹಡಗಿನ ಜನ. ಕ್ಯಾಪ್ಟನ್, ಅವರ ಕೈಕೆಳಗೆ ಒಬ್ಬ ಮೇಟ್, ಅಡುಗೆಯವರು, ಒಂದಿಬ್ಬರು ಹುಡುಗ-ಹುಡುಗಿಯರು. ಇಪ್ಪತ್ತು ಚಿಲ್ಲರೆ ಪ್ರವಾಸಿಗರಿಗೆ ಇಷ್ಟೇ ಜನ. ಬೆಳಿಗ್ಗೆ ಪಾತ್ರೆ ತೊಳೆದ ಹುಡುಗಿ ಮಧ್ಯಾಹ್ನ ಕಂಬ ಹತ್ತಿ ಹಾಯಿ ಬಿಚ್ಚುತ್ತಾಳೆ. ಅಡುಗೆಯವಳು ಬೆಳಗಿನ ಜಾವಕ್ಕೇ ಎದ್ದು ಕಬ್ಬಿಣದ ಒಲೆಗೆ ಕಟ್ಟಿಗೆ ಹಾಕುತ್ತಾಳೆ. ಹೌದು, ಕಟ್ಟಿಗೆ ಒಲೆ, ಮರದ ಹಡಗಿನ ಒಳಗೆ! ಅದರಲ್ಲೇ ದಿನಾ ಹೊಸ ಬ್ರೆಡ್ ಸುಡುತ್ತಾಳೆ. ಹಡಗು ವಾಲಿದಾಗ ಪಾತ್ರೆ ಜಾರದಂತೆ ಒಲೆಯ ಸುತ್ತ ಸಣ್ಣ ಕಂಬಿ ಇರುತ್ತದೆ. ನಾನು ಎರಡನೇ ದಿನದಿಂದ ಅಲ್ಲೇ ಏಣಿಯ ಬುಡದಲ್ಲಿ ಕೂತು ತರಕಾರಿ ಹೆಚ್ಚಿಕೊಟ್ಟೆ. ಭಾಷೆ ಅರ್ಧಂಬರ್ಧ, ಆದರೆ ಚಾಕು ಹಿಡಿದ ಮೇಲೆ ಮಾತು ಹೇಗೋ ಆಗುತ್ತದೆ.

ಊಟದ ಬಗ್ಗೆ: ಬುಕ್ ಮಾಡುವಾಗಲೇ ಸಸ್ಯಾಹಾರ, ತತ್ತಿಯೂ ಬೇಡ ಅಂತ ಬರೆದು ತಿಳಿಸಿ. ನಡುನೀರಿನಲ್ಲಿ ಹೇಳಿದರೆ ಅವರಾದರೂ ಎಲ್ಲಿಂದ ತರುತ್ತಾರೆ? ನಮಗೆ ಬೀನ್ಸ್ ಸೂಪ್, ಅನ್ನ, ಬ್ರೆಡ್, ಬೆಣ್ಣೆ, ಸಲಾಡ್, ಹಣ್ಣು ಸಿಕ್ಕಿತು. ಕೇಕ್‌ಗಳಲ್ಲಿ ತತ್ತಿ ಇರುತ್ತದೆ, ಕೇಳಿ ತಿನ್ನಿ. ಜೊತೆಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಳ್ಳಿ. ನಮ್ಮ ಕಡಕ್ ರೊಟ್ಟಿ ಅಲ್ಲಿಯ ಕ್ಯಾಪ್ಟನ್‌ಗೆ ಬಹಳ ಹಿಡಿಸಿತು, ಕೊನೆಗೆ ನನಗೇ ಉಳಿಯಲಿಲ್ಲ. ಒಂದು ಸಂಜೆ ಯಾವುದಾದರೂ ದ್ವೀಪದ ದಂಡೆಗೆ ಇಳಿಸಿ, ದೊಡ್ಡ ಪಾತ್ರೆಯಲ್ಲಿ ಕಡಲಕಳೆ ಹಾಕಿ ಲಾಬ್‌ಸ್ಟರ್ ಬೇಯಿಸುತ್ತಾರೆ. ಅಲ್ಲಿ ಅದೇ ಹಬ್ಬ. ವಾಸನೆ ಆಗದಿದ್ದರೆ ಗಾಳಿ ಬರುವ ಕಡೆಗೆ ಕೂತು ಮೆಕ್ಕೆಜೋಳದ ತೆನೆ ತಿನ್ನಿ. ನಾನು ಹಾಗೇ ಮಾಡಿದೆ.

ಇವತ್ತು ಎಲ್ಲಿಗೆ ಹೋಗುತ್ತೇವೆ ಅಂತ ಕೇಳಬೇಡಿ, ಅವರಿಗೂ ಗೊತ್ತಿರುವುದಿಲ್ಲ. ಗಾಳಿ, ಉಬ್ಬರ-ಇಳಿತ ನೋಡಿ ಕ್ಯಾಪ್ಟನ್ ಬೆಳಿಗ್ಗೆ ನಿರ್ಧಾರ ಮಾಡುತ್ತಾರೆ. ಪೆನಾಬ್‌ಸ್ಕಾಟ್ ಕೊಲ್ಲಿಯ ತುಂಬ ದ್ವೀಪಗಳು. ಸಂಜೆ ಯಾವುದೋ ಒಂದು ದ್ವೀಪದ ಮರೆಯಲ್ಲಿ ಲಂಗರು ಹಾಕಿ ನಿಲ್ಲುತ್ತಾರೆ, ರಾತ್ರಿ ಓಡಿಸುವುದಿಲ್ಲ. ಹಾಗಾಗಿ ನಿದ್ದೆ ಚೆನ್ನಾಗಿ ಬರುತ್ತದೆ. ದ್ವೀಪಗಳು ಅಲೆಯನ್ನು ತಡೆಯುವುದರಿಂದ ನೀರು ಅಷ್ಟು ಕುಣಿಯುವುದೂ ಇಲ್ಲ, ನನಗೆ ವಾಂತಿ ಆಗಲಿಲ್ಲ. ಜುಲೈಯಲ್ಲೂ ಮಂಜು ಕವಿಯುತ್ತದೆ, ಆಗ ಗಂಟೆಗಟ್ಟಲೆ ಲಂಗರು ಎತ್ತುವುದೇ ಇಲ್ಲ. ನಮಗೆ ಒಂದು ಬೆಳಗು ಪೂರ್ತಿ ಹಾಗೇ ಹೋಯಿತು. ಕೆಲವರು ಗೊಣಗಿದರು. ನನಗೆ ಬೇಸರ ಆಗಲಿಲ್ಲ, ಅಡುಗೆಯವಳ ಜೊತೆ ಕೂತಿದ್ದೆ. ಆದರೆ ಗಡಿಯಾರ ನೋಡಿ ಬದುಕುವವರಿಗೆ ಈ ಪ್ರವಾಸ ಬೇಡ ಅಂತ ಆಗ ಅನ್ನಿಸಿತು. ನೀವು ಗಣಿತದ ಮಾಸ್ತರರು, ಯೋಚನೆ ಮಾಡಿ!

ಈಜು ಬರದಿದ್ದರೆ ಚಿಂತೆ ಇಲ್ಲ, ನನಗೂ ಬರುವುದಿಲ್ಲ. ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿದೆ, ಹೇಗೆ ಹಾಕಿಕೊಳ್ಳಬೇಕು, ಯಾರಾದರೂ ಬಿದ್ದರೆ ಏನು ಮಾಡಬೇಕು ಅಂತ ತೋರಿಸುತ್ತಾರೆ. ಅಲ್ಲಿಯ ಕೋಸ್ಟ್ ಗಾರ್ಡ್ ಇಂಥ ಹಡಗುಗಳನ್ನು ತಪಾಸಣೆ ಮಾಡಿಯೇ ಜನರನ್ನು ಹತ್ತಿಸಲು ಬಿಡುವುದು.

ಮನೆಯವರ ಕಾಲಿನ ಬಗ್ಗೆ ನನ್ನ ಸಲಹೆ: ಕ್ಯಾಮ್ಡೆನ್ ಬಂದರಿನಲ್ಲೇ ಸುಮಾರು ಎರಡು ತಾಸು ಸುತ್ತಿಸಿ ತರುವ ಮರದ ಹಾಯಿ ಹಡಗುಗಳೂ ಇವೆ. ಮೊದಲು ಅದನ್ನು ಹತ್ತಿಸಿ. ಡೆಕ್ಕಿನ ಮೇಲೆ ನಿಂತು, ಕೂತು, ಎದ್ದು ನೋಡಲಿ. ಜೊತೆಗೆ ಮನೆಯಲ್ಲಿ ಅಟ್ಟದ ಏಣಿ ಇದ್ದರೆ ಅದನ್ನು ರಾತ್ರಿ ಹತ್ತಿ ಇಳಿಯಲು ಹೇಳಿ. ಅಳುಕಿಲ್ಲದೆ ಆದರೆ ನಾಲ್ಕು ರಾತ್ರಿಗೆ ಹೂಂ ಅನ್ನಿ. ಆಗದಿದ್ದರೆ ಎರಡು ತಾಸಿನದೇ ಸಾಕು. ಸೊಸೆ ಆಸೆಪಟ್ಟಳು ಅಂತ ಮೊಣಕಾಲನ್ನು ಒತ್ತೆ ಇಡಬೇಡಿ.

ಕುಮಟಾದ ಅಳಿಯ

ಅಕ್ಕಾರ, ಸರಕಿನ ಹಡಗು ಜನರ ಹಡಗು ಆದದ್ದು ಓದಿ ಹೊಟ್ಟೆ ಉರಿಯಿತು. ನಮ್ಮ ಕಡೆ ಸರಕೂ ಹೋಯಿತು, ಹಡಗೂ ಹೋಯಿತು.

ನಾನು ಹುಬ್ಬಳ್ಳಿಯಲ್ಲಿ ಹತ್ತಿ ಅಡತಿ ವ್ಯಾಪಾರದವನು. ಹೆಂಡತಿಯ ಊರು ಕುಮಟಾ. ಮಾಸ್ತರರೇ, ನೀವು ಸಮುದ್ರಕ್ಕೂ ಗದಗಿಗೂ ಏನು ಸಂಬಂಧ ಅಂದುಕೊಂಡಿರಬಹುದು. ಒಂದು ಕಾಲಕ್ಕೆ ಗದಗ, ಧಾರವಾಡ, ಹುಬ್ಬಳ್ಳಿಯ ಎರೆಹೊಲದ ಹತ್ತಿ ಹೆಚ್ಚಾಗಿ ಕುಮಟಾದ ದಂಡೆಗೇ ಹೋಗುತ್ತಿತ್ತು. ಮುಂಬೈ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ಎತ್ತಿನ ಗಾಡಿಯಲ್ಲಿ ಅಂಡಿಗೆ ಹೇರಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿಸಿ ತರುತ್ತಿದ್ದರು. ದಂಡೆಯಲ್ಲಿ ಪತ್ತೆಮಾರಿಗಳು ಕಾಯುತ್ತಿದ್ದವು. ಓರೆ ಹಾಯಿಯ ಮರದ ಹಡಗುಗಳು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರದೆ ನಿಂತಿತು. ನಮ್ಮ ಹತ್ತಿಗೆ ಬೆಲೆ ಏರಿದ್ದು ಆಗಲೇ. ಅಕ್ಕಾರ ಹೇಳಿದ ಆ ಮೇನ್ ಹಡಗು ನೀರಿಗಿಳಿಯುವ ಕಾಲಕ್ಕೆ ಇಲ್ಲಿ ಗದಗಿನ ಹತ್ತಿ ಪತ್ತೆಮಾರಿ ಹತ್ತುತ್ತಿತ್ತು.

ಕಷ್ಟ ಎಲ್ಲಿ ಇತ್ತೆಂದರೆ ಕಾಲದಲ್ಲಿ. ಈ ಹತ್ತಿ ಬಿಡಿಸುವುದೇ ಬೇಸಿಗೆಯಲ್ಲಿ. ಮಳೆಗಾಲ ಹಿಡಿದರೆ ಬಂದರು ಬಂದ್. ಹಾಯಿ ಹಡಗು ಜೂನ್‌ನ ಗಾಳಿಗೆ ಹೊರಡುವ ಮಾತೇ ಇಲ್ಲ, ದಂಡೆಗೆ ಎಳೆದು ತೆಂಗಿನ ಗರಿ ಹೊದಿಸಿಬಿಡುತ್ತಿದ್ದರು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮೇಲೆ ಮತ್ತೆ ಕೆಲಸ. ಅಂದರೆ ಹತ್ತಿ ಬಿಡಿಸಿ, ಹಿಂಜಿ, ಕಟ್ಟಿ, ಘಟ್ಟ ಇಳಿಸಿ, ಮುಂಬೈ ಮುಟ್ಟಿಸಲು ಸಿಗುವ ದಿನಗಳು ಬಹಳ ಕಡಿಮೆ. ಒಂದು ವಾರ ತಡವಾದರೆ ಅಂಡಿಗೆ ಮಳೆಗಾಲ ಪೂರ್ತಿ ಗೋದಾಮಿನಲ್ಲಿ. ಅಡತಿ ವ್ಯಾಪಾರದಲ್ಲಿ ಇದ್ದವನಿಗೆ ಆ ಸಂಕಟ ಏನೆಂದು ನಾನು ಹೇಳಬೇಕಾಗಿಲ್ಲ.

ಗಾಳಿಯ ಲೆಕ್ಕ ಮಾವನವರ ಮನೆಯ ಹಿರಿಯರೊಬ್ಬರು ಹೇಳುತ್ತಿದ್ದರು. ಚಳಿಗಾಲ, ಬೇಸಿಗೆಯಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಘಟ್ಟದ ಕಡೆಯಿಂದ ಸಮುದ್ರಕ್ಕೆ ಗಾಳಿ ಬೀಸುತ್ತದೆ. ನೆಲ ಬೇಗ ತಂಪಾಗುವುದರಿಂದ ಹಾಗೆ. ಮಧ್ಯಾಹ್ನ ನೆಲ ಕಾದ ಮೇಲೆ ತಿರುಗುಮುರುಗು, ವಾಯವ್ಯದಿಂದ ದಂಡೆಗೆ ಬೀಸುತ್ತದೆ. ಮುಂಬೈ ಉತ್ತರಕ್ಕೆ, ಎದುರುಗಾಳಿ ಬೇರೆ. ಹಾಗಾಗಿ ಹಡಗು ನಡೆಸುವ ತಾಂಡೇಲ ರಾತ್ರಿಯ ಗಾಳಿಗೆ ಹೊರಗೆ ಹೋಗಿ, ಮಧ್ಯಾಹ್ನದ ಗಾಳಿಗೆ ಓರೆಯಾಗಿ ದಂಡೆಯ ಕಡೆ ಬರುತ್ತಿದ್ದ. ಹೀಗೆ ಅಂಕುಡೊಂಕಾಗಿ ಏರುತ್ತಾ ಹೋಗುವುದು. ಮುಂಬೈಗೆ ಹೋಗುವ ಜನರೂ ಅದೇ ಹಡಗಿನಲ್ಲಿ ಸರಕಿನ ಮೇಲೆ ಕೂತು ಹೋಗುತ್ತಿದ್ದರು. ಊಟ ಅವರವರ ಬುತ್ತಿ.

1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ಮುಂದೆ ಗೋವಾದ ಮುರ್ಗಾಂವ್ ಬಂದರಿನವರೆಗೂ ಹೋಯಿತು. ಹತ್ತಿ ರೈಲು ಹತ್ತಿತು. ಕುಮಟಾದ ದಂಡೆ ಖಾಲಿ. ಆಗ ಯಾರಾದರೂ ನಾಲ್ಕು ಪತ್ತೆಮಾರಿ ಉಳಿಸಿಕೊಂಡು ಜನರನ್ನು ಸುತ್ತಿಸಲು ಶುರುಮಾಡಿದ್ದರೆ ಅಂತ ನನಗೆ ಆಗಾಗ ಅನ್ನಿಸುತ್ತದೆ. ಆದರೆ ಆಗ ನಮ್ಮಲ್ಲಿ ದುಡ್ಡು ಕೊಟ್ಟು ಸುಮ್ನೆ ಸಮುದ್ರ ಸುತ್ತುವ ಜನ ಎಲ್ಲಿದ್ದರು? ಈಗ ಇದ್ದಾರೆ. ಈಗ ಆ ಹಡಗು ಕಟ್ಟುವ ಬಡಗಿಗಳು ಎಷ್ಟು ಜನ ಉಳಿದಿದ್ದಾರೋ.

ಶಿಗ್ಗಾಂವಿ ಫೌಜಿ

ಮಾಸ್ತರರ ತಾಲೀಮಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ನೌಕಾಪಡೆಯಲ್ಲಿ ಇದ್ದವನು, ಕಾರವಾರದಲ್ಲೂ ಕೆಲಸ ಮಾಡಿದ್ದೇನೆ.

ಕಾರವಾರದಲ್ಲಿ ದೇವಬಾಗ, ಕೂರ್ಮಗಡದ ಕಡೆ, ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಜನರನ್ನು ಕರೆದೊಯ್ಯುವ ದೋಣಿಗಳಿವೆ. ನಾನು ನೋಡಿದವೆಲ್ಲ ಇಂಜಿನ್ ದೋಣಿಗಳೇ. ಹಾಯಿಯ ತಾಲೀಮು ಅದರಲ್ಲಿ ಆಗುವುದಿಲ್ಲ. ಆದರೆ ನಿಮ್ಮ ಹೊಟ್ಟೆ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ, ಅದಕ್ಕಾದರೂ ಒಮ್ಮೆ ಹೋಗಿ ಬನ್ನಿ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾಟಿ ಕಾರವಾರ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ನೀರು ಶಾಂತ ಇರುತ್ತದೆ. ತಾಲೀಮಿಗೆ ಅದು ಬೇಡ, ಮಧ್ಯಾಹ್ನದ ಮೇಲೆ ಹತ್ತಿ. ಕುಮಟಾದ ಅಳಿಯ ಹೇಳಿದ ಗಾಳಿ ಆಗ ಬೀಸುತ್ತದೆ, ಅಲೆ ಸ್ವಲ್ಪ ಎದ್ದಿರುತ್ತದೆ.

ಜಾಕೆಟ್ ಇಲ್ಲದೆ ಮಾತ್ರ ಹತ್ತಬೇಡಿ. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿ 16 ಜನ ತೀರಿಕೊಂಡರು. ಅದರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು. ದಂಡೆ ಕಣ್ಣಿಗೆ ಕಾಣುತ್ತಿತ್ತು ಅಂತ ಧೈರ್ಯ ಮಾಡುತ್ತಾರೆ ಜನ. ಈಜು ಬಾರದವನಿಗೆ ಅಷ್ಟು ದೂರವೇ ಬಹಳ ದೂರ. ದೋಣಿಯವನು ಜಾಕೆಟ್ ಕೊಡದಿದ್ದರೆ, ಜನ ಜಾಸ್ತಿ ತುಂಬಿದ್ದರೆ, ಕೊಟ್ಟ ದುಡ್ಡು ಹೋದರೂ ಇಳಿದುಬಿಡಿ. ಬಯ್ದರೆ ಬಯ್ಯಲಿ.

ನಮ್ಮ ದೇಶದಲ್ಲಿ ಮರದ ಹಾಯಿ ಹಡಗು ಪೂರ್ತಿ ಸತ್ತಿಲ್ಲ. ಕೇರಳದ ಬೇಪೂರಿನಲ್ಲಿ ಉರು ಎಂಬ ಮರದ ಹಡಗು, ಗುಜರಾತಿನ ಮಾಂಡವಿಯಲ್ಲಿ ದೊಡ್ಡ ಮರದ ಹಡಗು ಕಟ್ಟುವವರಿದ್ದಾರೆ. ಅವಕ್ಕೆ ಈಗ ಇಂಜಿನ್ ಕೂರಿಸುತ್ತಾರೆ. ಬೇಪೂರಿನವು ಹೆಚ್ಚಾಗಿ ಕೊಲ್ಲಿ ದೇಶದ ಶ್ರೀಮಂತರಿಗೆ ಹೋಗುತ್ತವೆ. ಇನ್ನು ನಮ್ಮ ಕಾರವಾರದಲ್ಲೇ 2025ರ ಮೇ 21ರಂದು ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಹಾಯಿ ಹಡಗು ನೌಕಾಪಡೆಗೆ ಸೇರಿತು. ಅಜಂತಾದ ಗೋಡೆಚಿತ್ರದಲ್ಲಿ ಇರುವ ಐದನೇ ಶತಮಾನದ ಹಡಗನ್ನು ನೋಡಿ ಗೋವಾದಲ್ಲಿ ಕಟ್ಟಿದ್ದು. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಸಂದಿಗೆ ನಾರು, ರಾಳ ತುಂಬಿದ್ದಾರೆ. ಚುಕ್ಕಾಣಿಯ ಬದಲು ಹಿಂದೆ ದೊಡ್ಡ ಹುಟ್ಟುಗಳಿವೆ. ಹಾಯಿಯ ಮೇಲೆ ಗಂಡಭೇರುಂಡ. ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಒಮಾನಿನ ಮಸ್ಕತ್ ಮುಟ್ಟಿತು. ಇಂಜಿನ್ ಇಲ್ಲ. ಅದರಲ್ಲಿ ಪ್ರವಾಸಿಗರನ್ನು ಹತ್ತಿಸುವುದಿಲ್ಲ, ಆಸೆ ಬೇಡ.

ವಾಂತಿಗೆ: ಅವೋಮಿನ್ ಮಾತ್ರೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಬಿಪಿ, ಸಕ್ಕರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ, ನಿದ್ದೆ ಬರಿಸುತ್ತದೆ. ನಿದ್ದೆಗಣ್ಣಿನಲ್ಲಿ ಅಕ್ಕ ಹೇಳಿದ ಏಣಿ ಹತ್ತುವುದು ಬೇಡ. ವಾಂತಿ ಶುರುವಾದ ಮೇಲೆ ನುಂಗಿದರೆ ಉಪಯೋಗ ಇಲ್ಲ, ಹತ್ತುವ ಮೊದಲೇ ನುಂಗಬೇಕು. ಹಡಗಿನ ನಡುಭಾಗದಲ್ಲಿ ಕೂರಿ, ಅಲ್ಲಿ ಏರಿಳಿತ ಕಡಿಮೆ. ಕಣ್ಣು ದೂರದ ದಂಡೆಯ ಮೇಲೆ ಇರಲಿ. ಕೆಳಗೆ ಕೋಣೆಗೆ ಹೋದರೆ ಜಾಸ್ತಿಯಾಗಬಹುದು. ಖಾಲಿ ಹೊಟ್ಟೆಯೂ ಬೇಡ, ಮಿರ್ಚಿ-ಮಂಡಕ್ಕಿಯೂ ಬೇಡ.

ಬೆಟಗೇರಿ ಮಾಸ್ತರ

ಎಲ್ಲರಿಗೂ ಧನ್ಯವಾದ. ಅಕ್ಕಾರ ಬರೆದದ್ದನ್ನು ಮನೆಯವರಿಗೆ ಜೋರಾಗಿ ಓದಿ ಹೇಳಿದೆ. ಏಣಿಯ ಭಾಗ ಬಂದಾಗ ಸುಮ್ಮನೆ ಎದ್ದು ಹೋದರು. ಅಟ್ಟದ ಏಣಿ ಹತ್ತಿ, ಅಲ್ಲಿಂದ ಹಪ್ಪಳದ ಡಬ್ಬಿ ತೆಗೆದುಕೊಂಡು ಇಳಿದರು. ಇಳಿಯುವಾಗ ಬಲಗಾಲು ಎರಡು ಸಲ ನಿಂತಿತು, ನಾನು ನೋಡಿದೆ. "ನಿಮಗಿಂತ ಚೆನ್ನಾಗಿ ಇಳಿದೆ" ಅಂದರು. ಅದೂ ನಿಜ.

ಮಗನಿಗೆ ಹೀಗೆ ಹೇಳುತ್ತೇನೆ: ಮೊದಲು ಕ್ಯಾಮ್ಡೆನ್‌ನಲ್ಲಿ ಎರಡು ತಾಸಿನದು. ಅವನಿಗೆ, ಸೊಸೆಗೆ ನಾಲ್ಕು ರಾತ್ರಿಯದು ಈಗಲೇ ಬುಕ್ ಆಗಲಿ. ನಮಗೂ ಎರಡು ಹಾಸಿಗೆ ಹಿಡಿಯಬೇಕೋ ಬೇಡವೋ ಅನ್ನುವುದು ಜನವರಿಯಲ್ಲಿ ಕಾರವಾರಕ್ಕೆ ಹೋಗಿ ಬಂದ ಮೇಲೆ. ಅಷ್ಟರಲ್ಲಿ ಜಾಗ ತುಂಬಿ ಹೋಗುತ್ತದೆಯಾ ಅಕ್ಕಾರ? ಏನೇನು ಒಯ್ಯಬೇಕು? ಹಡಗಿನ ಜನರಿಗೆ ಬೇರೆ ದುಡ್ಡು ಕೊಡುವ ಪದ್ಧತಿ ಇದೆಯಾ?

ಕುಮಟಾದ ಅಳಿಯರೇ, ನಮ್ಮ ಅಜ್ಜನ ತಂದೆ ಹತ್ತಿ ಗಾಡಿ ಹೊಡೆಯುತ್ತಿದ್ದರು ಅಂತ ಮನೆಯಲ್ಲಿ ಮಾತಿದೆ. ಎಲ್ಲಿಗೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ದೇವಿಮನೆ ಘಟ್ಟದ ದಾರಿ ಈಗ ಕಾರಿಗೆ ಚೆನ್ನಾಗಿದೆಯಾ?

ಕೇಶ್ವಾಪುರ ಅಕ್ಕ

ಜುಲೈ, ಆಗಸ್ಟ್ ಅಲ್ಲಿ ಸೀಸನ್. ಮೇ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಮಾತ್ರ ಓಡಿಸುತ್ತಾರೆ, ಉಳಿದ ತಿಂಗಳು ಹಡಗಿಗೆ ಬಣ್ಣ, ರಿಪೇರಿ. ಹಾಗಾಗಿ ಸೊಸೆ ಬುಕ್ ಮಾಡುವಾಗಲೇ ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ ಅಂತ ಕೇಳಿಕೊಳ್ಳಲಿ. ಹಡಗು ವಾಪಸ್ ಬರುವ ದಿನವೇ ವಿಮಾನದ ಟಿಕೆಟ್ ಮಾಡಿಸಬೇಡಿ.

ಗಟ್ಟಿ ಸೂಟ್‌ಕೇಸ್ ಬೇಡ, ಇಡಲು ಜಾಗವೇ ಇಲ್ಲ. ಬಟ್ಟೆಯ ಕೈಚೀಲ ಒಯ್ಯಿರಿ. ಸ್ವೆಟರ್, ಮಳೆಕೋಟು, ಕಿವಿ ಮುಚ್ಚುವ ಟೋಪಿ. ಜುಲೈಯಲ್ಲಿ ಸ್ವೆಟರ್ ಯಾಕೆ ಅಂತ ನಗಬೇಡಿ. ಅಲ್ಲಿಯ ನೀರಿಗೆ ಕೈ ಹಾಕಿದರೆ ಬೆರಳು ಮರಗಟ್ಟುತ್ತದೆ, ಅದರ ಮೇಲಿನಿಂದ ಬರುವ ಗಾಳಿಯೂ ಹಾಗೇ. ಜಾರದ ಮೆತ್ತನೆಯ ಬೂಟು. ರಾತ್ರಿ ಏಣಿಗೆ ಹಣೆಗೆ ಕಟ್ಟುವ ಬ್ಯಾಟರಿ ಒಂದು ಇರಲಿ, ಎರಡೂ ಕೈ ಖಾಲಿ ಇರುತ್ತವೆ. ಔಷಧಿ ಚೀಟಿ ಸಮೇತ ಇಟ್ಟುಕೊಳ್ಳಿ. ರೊಟ್ಟಿ, ಚಟ್ನಿಪುಡಿಯನ್ನು ವಿಮಾನ ನಿಲ್ದಾಣದ ಫಾರ್ಮಿನಲ್ಲಿ ತಪ್ಪದೆ ಬರೆಯಿರಿ, ಮುಚ್ಚಿಡಬೇಡಿ.

ಕೊನೆಯ ದಿನ ಹಡಗಿನ ಜನರಿಗೆ ಖುಷಿಯಿಂದ ಕೊಡುವ ಪದ್ಧತಿ ಇದೆ, ಮಗನಿಗೆ ಎಷ್ಟೆಂದು ಗೊತ್ತಿರುತ್ತದೆ. ನಾವು ಕವರಿನಲ್ಲಿ ಹಾಕಿ ಕೊಟ್ಟೆವು, ಅದನ್ನು ಅವರೆಲ್ಲ ಹಂಚಿಕೊಳ್ಳುತ್ತಾರೆ.

ಮನೆಯವರಿಗೆ ಹೇಳಿ, ಏಣಿ ಇಳಿಯುವಾಗ ಡಬ್ಬಿ ಹಿಡಿದುಕೊಳ್ಳಬಾರದು.

ಕುಮಟಾದ ಅಳಿಯ

ಮಾಸ್ತರರೇ, ಹೊರಡುವ ಮೊದಲು ಶಿರಸಿಯಲ್ಲಿ ಒಮ್ಮೆ ಕೇಳಿಕೊಳ್ಳಿ. ರಸ್ತೆ ಕೆಲಸ, ಮಳೆಗೆ ಗುಡ್ಡ ಕುಸಿತ ಅಂತ ಆ ಘಟ್ಟ ಆಗಾಗ ಬಂದ್ ಆಗುತ್ತದೆ. ತೆರೆದಿದ್ದರೆ ಹಗಲಿನಲ್ಲೇ ಇಳಿಯಿರಿ, ತಿರುವು ಬಹಳ. ಕುಮಟಾಕ್ಕೆ ಬಂದರೆ ಮೆಸೇಜ್ ಹಾಕಿ, ಮಾವನವರ ಮನೆಯಲ್ಲಿ ಊಟ ಮಾಡಿಕೊಂಡೇ ಕಾರವಾರಕ್ಕೆ ಹೋಗುವಿರಂತೆ. ಸಸ್ಯಾಹಾರಿ ಅಂತ ಮೊದಲೇ ಹೇಳಿರುತ್ತೇನೆ.